ಒಂದು ಜೋಡಿ ವಾಲ್ವು ಮತ್ತು ಬೆಲ್ಲದ ಅಂಗಡಿ

ಕೆಟ್ಟ ಯಂತ್ರದ ಸುತ್ತ ನಾಲ್ಕು ಜನ ಸೇರಿದರೆ ಐದು ಕಾರಣಗಳು ಹುಟ್ಟುತ್ತವೆ, ಐದೂ ತಪ್ಪಿರುತ್ತವೆ. ನನ್ನ ಕಸುಬಿನಲ್ಲಿ ಇದು ನಡೆಯದ ವಾರವಿಲ್ಲ. ಆರನೆಯ ಕಾರಣ ನನ್ನದು. ಅದೂ ಎಷ್ಟೋ ಸಲ ಆ ಐದರ ಸಾಲಿಗೇ ಸೇರಿದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾಟಕ ಕಂಪನಿಯೊಂದರ ಗಿಟಾರಿನ ಹಿಂದೆ ಗೋಕಾಕದಿಂದ ಹುಕ್ಕೇರಿಯವರೆಗೆ ತಿರುಗಿದಾಗ ಕಂಡ ಅಂಥ ಕೆಲವು ಪ್ರಸಂಗಗಳು ಇಲ್ಲಿವೆ.

ಕರಾರು

ನಾನು ಬಿ.ಎಸ್‌ಸಿ. ಪಾಸಾಗಿ ಗೋಕಾಕಕ್ಕೆ ಮರಳಿದಾಗ ನಮ್ಮ ಕಾಕಾ ತಮ್ಮ ಬೆಲ್ಲದ ಅಂಗಡಿಯಲ್ಲಿ ನನಗಾಗಿ ಹೊಸ ಗಾದಿ ಹೊಲಿಸಿ ಇಟ್ಟಿದ್ದರು. ನಾನು ಅದರ ಮೇಲೆ ಕೂಡಲಿಲ್ಲ. ಊರಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯ ಹತ್ತಿರ ಹೋದೆ. ಅಲ್ಲಿ ಗೋವೆಯ ಮಾಸ್ತರರೊಬ್ಬರು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದರು. ತಗಡಿನ ಥೇಟರಿನಲ್ಲಿ ಅದು ಮೂರನೆಯ ಸಾಲಿನ ಆಚೆ ಕೇಳಿಸುತ್ತಿರಲಿಲ್ಲ. ಅದಕ್ಕೊಂದು ಆಂಪ್ಲಿಫಾಯರು ಕಟ್ಟಿಕೊಡುತ್ತೇನೆಂದೆ. ಕಟ್ಟಿದೆ. ಒಂದು ಮರದ ಪೆಟ್ಟಿಗೆ. ಕೊನೆಯಲ್ಲಿ, ರೇಡಿಯೋದಲ್ಲಿರುವಂಥ, ಎರಡು ದೊಡ್ಡ ಗಾಜಿನ ವಾಲ್ವುಗಳು ಜೋಡಿಯಾಗಿ ದುಡಿದು ಲೌಡ್‌ಸ್ಪೀಕರನ್ನು ಕೂಗಿಸುತ್ತಿದ್ದವು.

ಕಾಕಾ ಬಂದು ನೋಡಿದರು.

"ಗಿಟಾರ ಕೇಳಸಂಗಿಲ್ಲ ಅಂದ್ರ ಮಂದಿ ಮುಂದ ಬಂದು ಕುಂಡ್ರಲಿ. ಅದಕ್ಕ ಬಿ.ಎಸ್ಸಿ. ಯಾಕ ಬೇಕೋ ತಮ್ಮಾ?"

ನಾನು ಇದೇ ನನ್ನ ಕಸುಬು ಎಂದೆ. ಕಾಕಾ ವ್ಯಾಪಾರಸ್ಥರು, ಜಗಳಾಡಲಿಲ್ಲ, ಷರತ್ತು ಹಾಕಿದರು.

"ಕಂಪನಿ ಇಲ್ಲಿಂದ ಮೂಡಲಗಿಗೆ ಹೋಗತೈತಿ, ಆಮ್ಯಾಲ ಹುಕ್ಕೇರಿಗೆ. ಹುಕ್ಕೇರಿಯೊಳಗ ನಾ ಬಂದು ಕುಂಡ್ರತೇನಿ. ಒಂದು ಆಟ, ನಾಂದಿಯಿಂದ ಮಂಗಳದ ತನಕ, ನಿನ್ನ ಪೆಟಿಗಿ ಬಾಯಿ ಮುಚ್ಚಬಾರದು. ಮುಚ್ಚಿತೋ, ಮರುದಿನ ಮುಂಜಾನೆ ನೀ ಬೆಲ್ಲದ ಅಂಗಡಿಯೊಳಗ."

"ಸ್ಟಾಂಪ್ ಕಾಗದದ ಮ್ಯಾಲ ಬರಕೊಳ್ಳೂಣೇನು?" ಎಂದು ನಾನು ವ್ಯಂಗ್ಯವಾಗಿ ಕೇಳಿದೆ.

ಕಾಕಾ ಕಿಸೆಯಿಂದ ಕಾಗದ ತೆಗೆದರು.

ಕೂತು ತಿನ್ನುವವರು

ಜೋಡಿ ವಾಲ್ವುಗಳಿಗೆ ಲಗಾಮು ಬೇಕು. ಬಯಾಸ್ ಎನ್ನುತ್ತಾರೆ. ವಾಲ್ವಿನೊಳಗಿನ ಗ್ರಿಡ್ಡೆಂಬ ತಂತಿಯ ಜಾಲರಿಗೆ ಸ್ವಲ್ಪ ಋಣ ವೋಲ್ಟೇಜು ಕೊಟ್ಟು ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವುದು. ಕಡಿಮೆಯಾದರೆ ವಾಲ್ವು ಮೈಕಾದು ಸಾಯುತ್ತದೆ. ಹೆಚ್ಚಾದರೆ ಗಿಟಾರು ನೆಗಡಿಯಾದವರಂತೆ ಹಾಡುತ್ತದೆ. ನಾನು ಟಾರ್ಚಿನ ಹತ್ತು ಸೆಲ್ಲುಗಳನ್ನು ಬಿದಿರಿನ ಸೀಳಿನಲ್ಲಿ ಸಾಲಾಗಿ ಕೂಡಿಸಿ ಆ ಕೆಲಸಕ್ಕೆ ಹಚ್ಚಿದ್ದೆ.

ಕಂಪನಿಯ ಮಾಲಕರು ತಾವೇ ನಾಯಕನ ಪಾತ್ರ ಮಾಡುತ್ತಿದ್ದರು. ನಾಯಕನಿಗೆ ಇಪ್ಪತ್ತು ವರ್ಷ, ಮಾಲಕರಿಗೆ ಐವತ್ತೈದು. ಒಂದು ದಿನ ಸೆಲ್ಲುಗಳನ್ನು ನೋಡಿ ಕೇಳಿದರು.

"ಇವು ಎಷ್ಟ ದಿನಾ ಬರ್ತಾವ್ರಿ?"

"ವರ್ಷಗಟ್ಟಲೆ ಬರ್ತಾವ್ರಿ. ಇವುಗಳಿಂದ ಕರೆಂಟ ಹರಿಯೂದ ಇಲ್ಲ" ಎಂದೆ. ನನ್ನ ಜಾಣತನ ಪ್ರದರ್ಶನಕ್ಕಿಡುವ ಆಸೆ ನನಗೂ ಇತ್ತು.

"ಅಂದ್ರ ಸುಮ್ಮನ ಕುಂತಾವು?"

"ಒಂಥರಾ ಹಂಗ ಅನ್ರಿ."

ಮಾಲಕರು ಸೆಲ್ಲುಗಳನ್ನು ಒಂದೊಂದಾಗಿ ಎಣಿಸಿದರು. ಅವರ ಕಂಪನಿಯಲ್ಲಿ ಸುಮ್ಮನೆ ಕೂತವರಿರಲಿಲ್ಲ. ಅಡಿಗೆಯವನು ಮೊದಲನೆಯ ಅಂಕದಲ್ಲಿ ಮಂತ್ರಿಯಾಗಿ ಎರಡನೆಯ ಅಂಕದಲ್ಲಿ ಒಗ್ಗರಣೆ ಹಾಕುತ್ತಿದ್ದ.

ಮರುದಿನದ ಆಟದಲ್ಲಿ, ಮಾಲಕರ ಹಾಡಿನ ನಡುವೆಯೇ, ಗಿಟಾರು ಉಬ್ಬಿ, ಕಿರುಚಿ, ನಿಂತಿತು. ಹಿಂದೆ ಓಡಿ ನೋಡಿದರೆ ವಾಲ್ವುಗಳ ಒಳಗಿನ ತಗಡು ಕಮ್ಮಾರನ ಕುಲುಮೆಯ ಕಬ್ಬಿಣದಂತೆ ಕೆಂಪಗಾಗಿತ್ತು. ಒಂದು ವಾಲ್ವು ಸತ್ತಿತ್ತು. ಹತ್ತು ಸೆಲ್ಲುಗಳಲ್ಲಿ ನಾಲ್ಕು ಮಾಯ. ಉಳಿದ ಆರನ್ನು ಯಾರೋ ಒತ್ತಿ, ಅಚ್ಚುಕಟ್ಟಾಗಿ ಕೂಡಿಸಿದ್ದರು. ನಾಲ್ಕೂ ಮಾಲಕರ ಎರಡು ಟಾರ್ಚುಗಳಲ್ಲಿ ಸಿಕ್ಕವು.

ನಾನು ಕೂಗಾಡಿದೆ. ಮಾಲಕರು ಕಿರೀಟ ತೆಗೆದು ತಲೆ ಕೆರೆದುಕೊಂಡರು.

"ಕೆಲಸಾ ಮಾಡದವರನ್ನ ತಗದ್ರ ಕೆಲಸಾ ಮಾಡೋರು ಸಾಯ್ತಾರಂತ ನನಗೇನ ಗೊತ್ರಿ?"

ಗಾಜಿನ ಷಡ್ಜ

ಯುದ್ಧದಿಂದಾಗಿ ಬೆಳಗಾವಿಯ ಅಂಗಡಿಗಳಲ್ಲಿ ವಾಲ್ವು ಇರಲಿಲ್ಲ. ಬೆಲ್ಲದ ಅಂಗಡಿ ಕಣ್ಣ ಮುಂದೆ ಬಂತು. ನಾನು ಬಿಡಲಿಲ್ಲ. ಧುಪದಾಳದಲ್ಲಿ ನಿವೃತ್ತ ಇಂಜಿನಿಯರರೊಬ್ಬರ ಮನೆಯಲ್ಲಿ ಕೆಟ್ಟುಹೋದ ಎರಡು ರೇಡಿಯೋಗಳಿವೆಯೆಂದು ಕೇಳಿ, ಗಿಟಾರ್ ಮಾಸ್ತರರನ್ನು ಕರೆದುಕೊಂಡು ಹೋದೆ. ಒಂದು ರೇಡಿಯೋದ ಮೇಲೆ ಇಂಜಿನಿಯರರ ಹಲ್ಲಿನ ಸೆಟ್ಟಿತ್ತು, ಇನ್ನೊಂದರ ಮೇಲೆ ಬೆಕ್ಕು.

"ಒಳಗಿಂದು ಏನ ಬೇಕಾದ್ದು ತಗೋರಿ" ಎಂದರು ಅವರು. "ಪೆಟಿಗಿ ಅಷ್ಟ ಬಿಡ್ರಿ. ಬೆಕ್ಕಿಗೆ ರೂಢಿ ಆಗೇತಿ."

ಅದೃಷ್ಟಕ್ಕೆ ಎರಡರಲ್ಲೂ ನಮ್ಮ ನಮೂನೆಯ ವಾಲ್ವು. ನನ್ನ ಮೀಟರು ಬಿಡಾರದಲ್ಲಿತ್ತು. ಮಾಸ್ತರರು ಬದುಕುಳಿದಿದ್ದ ನಮ್ಮ ಹಳೆಯ ವಾಲ್ವನ್ನು ಕಿಸೆಯಿಂದ ತೆಗೆದು ಉಗುರಿನಿಂದ ಬಡಿದರು; ಕಿವಿಗೊಟ್ಟರು. ಆಮೇಲೆ ಹೊಸ ಎರಡನ್ನೂ ಬಡಿದರು.

"ಹಳೇದು ಸಾ. ಇದು ಸಾ. ಆ ಇನ್ನೊಂದು ರಿ. ರಿ ಬ್ಯಾಡ."

ವಾಲ್ವನ್ನು ಆರಿಸುವುದು ಒಳಗೆ ಹರಿಯುವ ಕರೆಂಟನ್ನು ಅಳೆದು, ಗಾಜಿನ ಸ್ವರ ಕೇಳಿ ಅಲ್ಲವೆಂದು ನಾನು ಬಸ್ಸಿನ ದಾರಿಯುದ್ದಕ್ಕೂ ವಿವರಿಸಿದೆ. ಎರಡನ್ನೂ ತಂದಿದ್ದೆ. ಬಿಡಾರದಲ್ಲಿ ಮೀಟರು ಹಚ್ಚಿದೆ. ರಿ ಸತ್ತ ವಾಲ್ವು, ಮುಳ್ಳು ಅಲುಗಲಿಲ್ಲ. ಸಾ ಜೀವಂತ.

"ನಾ ಹೇಳಿರಲಿಲ್ಲೇನ್ರಿ?" ಎಂದರು ಮಾಸ್ತರರು.

ತಪ್ಪು ಕಾರಣದಿಂದ ಸರಿಯಾದ ಉತ್ತರ ಕೊಡುವ ಮನುಷ್ಯನಿಗೆ ಏನು ಹೇಳಬೇಕೆಂದು ಯಾವ ಪ್ರೊಫೆಸರರೂ ನನಗೆ ಕಲಿಸಿರಲಿಲ್ಲ.

ತುಕ್ಕಾನಟ್ಟಿಯ ಪ್ರೊಫೆಸರು

ಆದರೆ ಸ್ವರ ಕೂಡಿದ್ದರೂ ಕರೆಂಟು ಕೂಡಿರಲಿಲ್ಲ. ಹೊಸ ವಾಲ್ವು ನಲವತ್ತು ಮಿಲಿಆಂಪಿಯರ್ ಎಳೆದರೆ ಹಳೆಯದು ಇಪ್ಪತ್ತನಾಲ್ಕು. ಮೂಡಲಗಿಯ ಮೊದಲ ಆಟದಲ್ಲಿ, ಮತ್ತೆ ಮಾಲಕರ ಹಾಡಿನ ನಡುವೆಯೇ, ಫ್ಯೂಜು ಹೋಗಿ ಪೆಟ್ಟಿಗೆ ನಿಂತಿತು. ಸೆಲ್ಲು ಹೆಚ್ಚಿಸಿದರೆ ಹಳೆಯದು ಮಲಗುತ್ತಿತ್ತು, ಇಳಿಸಿದರೆ ಹೊಸದು ಕೆಂಪಾಗುತ್ತಿತ್ತು. ಮೂರು ದಿನ ಹೀಗೇ ಹೆಚ್ಚಿಸಿದೆ, ಇಳಿಸಿದೆ.

ನಮ್ಮ ಸಾಮಾನನ್ನು ಎತ್ತಿನ ಚಕ್ಕಡಿಯಲ್ಲಿ ಹೇರಿಕೊಂಡು ಬಂದವರು ತುಕ್ಕಾನಟ್ಟಿಯ ರೈತರೊಬ್ಬರು. ನಾಲ್ಕನೆಯ ದಿನ ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತರು.

"ಏನ್ ಮಾಡಾಕತ್ತೀರ್ರಿ?"

"ಇವೆರಡೂ ಕೂಡಿ ಒಂದ ಭಾರ ಜಗ್ಗಬೇಕ್ರಿ. ಒಂದು ಜೋರು, ಒಂದು ಸಾವಕಾಶ."

"ಬ್ಯಾರೆ ಜೋಡಿ ತರ್ರಿ."

"ಸಿಗಂಗಿಲ್ರಿ."

"ಹಗ್ಗ ಎಲ್ಲೈತಿ?"

ನಾನು ಸೆಲ್ಲಿನ ಸಾಲು ತೋರಿಸಿದೆ. ಎರಡೂ ವಾಲ್ವಿನ ತಂತಿ ಹತ್ತನೆಯ ಸೆಲ್ಲಿಗೇ ಸೇರಿದ್ದವು. ಅವರು ನನ್ನ ಮುಖವನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು.

"ಎರಡಕ್ಕೂ ಒಂದ ಹಗ್ಗ ಹಾಕೀರಲ್ರಿ! ಹಂಗ ಹೊಡದ್ರ ಎತ್ತು ಗಟಾರಕ್ಕ ಹೋಗತಾವು. ಒಂದಕ್ಕೊಂದು ಬ್ಯಾರೆ ಹಾಕ್ರಿ. ಜೋರಿಂದು ಜಗ್ಗಿ ಹಿಡೀರಿ, ಸಾವಕಾಶದ್ದು ಸಡ್ಲ ಬಿಡ್ರಿ."

ನಾನು ಹಳೆಯ ವಾಲ್ವಿನ ತಂತಿಯನ್ನು ಬಿಚ್ಚಿ ಎಂಟನೆಯ ಸೆಲ್ಲಿಗೆ ಹಚ್ಚಿದೆ. ಹೊಸದರ ತಂತಿಯನ್ನು ಒಂದು ಸೆಲ್ಲು ಹೆಚ್ಚಿಸಿ ಹನ್ನೊಂದಕ್ಕೆ ಒಯ್ದೆ. ಮೀಟರಿನ ಮುಳ್ಳು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು.

"ಎಷ್ಟ ವರ್ಷ ಕಲತೀರಿ?" ಎಂದು ಅವರು ಏಳುತ್ತ ಕೇಳಿದರು.

"ಕಾಲೇಜಿನ್ಯಾಗ ನಾಲ್ಕು ವರ್ಷರಿ."

"ಇನ್ನೊಂದು ವರ್ಷ ಕಲತಿದ್ರ ಎತ್ತು ಹೂಡಿ ಗಳೇ ಹೊಡ್ಯಾಕ ಬರತಿತ್ತು."

ಜೀವದಯೆ

ಹುಕ್ಕೇರಿಗೆ ಬಂದಾಗ ಪೆಟ್ಟಿಗೆ ಸರಿಯಾಗಿತ್ತು. ಕಾಕಾ ಒಂದು ದಿನ ಮೊದಲೇ ಬಂದು ಇಳಿದರು. ಕರಾರು ಜಾರಿ ಮಾಡುವ ಉತ್ಸಾಹ.

ಸಂಜೆ ನಾನು ಪೆಟ್ಟಿಗೆ ಹಚ್ಚಿ, ವಾಲ್ವು ಕಾಯಲೆಂದು ಬಿಟ್ಟು, ಚಹಾ ಕುಡಿಯಲು ಹೋದೆ. ತಿರುಗಿ ಬಂದರೆ ಬಟ್ಟೆ ಸುಟ್ಟ ವಾಸನೆ. ನಾವು ಜೈನರು, ನೀರು ಸೋಸುವ ಅರಿವೆಯನ್ನು ಎಲ್ಲಿಗೆ ಹೋದರೂ ಒಯ್ಯುತ್ತೇವೆ. ಕಾಕಾ ಅದನ್ನು ಎರಡು ಪದರು ಮಾಡಿ ವಾಲ್ವುಗಳ ಮೇಲೆ ಬಿಗಿಯಾಗಿ ಕಟ್ಟಿದ್ದರು.

"ಕಾಕಾ, ಏನ್ ಮಾಡಿದ್ರಿ ಇದು!"

"ಬೆಳಕಿಗೆ ಹುಳಾ ಬಂದು ಬಡಕೊಂಡು ಸಾಯಾಕತ್ತಿದ್ವೋ. ನೋಡಿ ಸುಮ್ಮನ ಕುಂಡ್ರಬೇಕೇನು?"

"ಗಾಳಿ ಸಿಗಲಿಲ್ಲಂದ್ರ ವಾಲ್ವ್ ಸಾಯತಾವು!"

ಕಾಕಾ ಗಂಭೀರರಾದರು. "ಅದಕ್ಕೂ ಜೀವ ಐತೇನು?"

"ಇಲ್ಲ."

"ಮತ್ತ ಸಾಯತಾವು ಅಂತೀದಿ? ಜೀವ ಇದ್ದದ್ದು ಉಳದೈತಿ. ಇಲ್ಲದ್ದು ಹ್ಯಾಂಗ ಸಾಯತೈತಿ, ಬಿ.ಎಸ್ಸಿ. ಓದಿದವ ನೀ ಹೇಳು."

ನಾನು ಅರಿವೆ ಬಿಚ್ಚಿದೆ. ಕೊನೆಗೆ ಅಡಿಗೆಯವನ ತಂತಿಯ ಜರಡಿ ತಂದು ವಾಲ್ವುಗಳ ಮೇಲೆ ಬೋರಲು ಹಾಕಿದೆ. ಹುಳ ಒಳಗೆ ಬರಲಿಲ್ಲ, ಗಾಳಿ ಬಂತು. ಹುಳಗಳು ಬದುಕಿದವು, ವಾಲ್ವುಗಳು ಬದುಕಿದವು. ಕಂಪನಿಯವರು ಮಾತ್ರ ಸಾಣಿಸದ ಹಿಟ್ಟಿನ ರೊಟ್ಟಿ ಅಗಿಯುತ್ತ ಊಟದುದ್ದಕ್ಕೂ ನನ್ನನ್ನೇ ನೋಡಿದರು.

ಒನ್ಸ್ ಮೋರ್

ಕರಾರಿನ ಆಟ ಮಧ್ಯಾಹ್ನ ಇಟ್ಟಿದ್ದರು. ಕಾಕಾ ಹೊತ್ತು ಮುಳುಗುವ ಮೊದಲು ಊಟ ಮಾಡಬೇಕಲ್ಲ. ಅವರು ಮೊದಲ ಸಾಲಿನಲ್ಲಿ ಕಿವಿ ಮುಂದೆ ಮಾಡಿ ಕೂತರು. ನಾನು ಪರದೆಯ ಪಕ್ಕ ಮೀಟರು ಹಿಡಿದು ನಿಂತೆ.

ಮೊದಲನೆಯ ಅಂಕ ದಾಟಿತು. ಎರಡನೆಯದರಲ್ಲಿ ಮಾಲಕರ ಹಾಡು ಬಂತು. ಗಿಟಾರು ಕೊನೆಯ ಸಾಲಿನವರೆಗೂ ಗಂಟೆಯಂತೆ ಕೇಳಿಸಿತು. ಹಾಡು ಮುಗಿಯಿತು. ಮಂದಿ ಎದ್ದು ನಿಂತು "ಒನ್ಸ್ ಮೋರ್!" ಎಂದು ಕೂಗಿದರು. ಒನ್ಸ್ ಮೋರ್ ಎಂದರೆ ಹಾಡಲೇಬೇಕು. ಇಲ್ಲದಿದ್ದರೆ ನಮ್ಮ ಕಡೆ ಮುಂದಿನ ಆಟಕ್ಕೆ ಯಾರೂ ಬರುವುದಿಲ್ಲ. ಮಾಲಕರು ಹಾಡಿದರು. ಮತ್ತೆ ಒನ್ಸ್ ಮೋರ್. ಮತ್ತೆ ಹಾಡಿದರು. ಮೂರನೆಯದಕ್ಕೆ ಅವರ ಬಣ್ಣ ಕರಗಿ ಮೀಸೆ ಗದ್ದಕ್ಕೆ ಇಳಿದಿತ್ತು. ನಾಲ್ಕನೆಯ ಕೂಗು ಎದ್ದಾಗ ಕತ್ತಿ ಊರಿಕೊಂಡು ಪರದೆಯ ಕಡೆ ತಿರುಗಿ ನಾಟಕದ ದನಿಯಲ್ಲೇ ಕೇಳಿದರು.

"ಎಲೈ ಗಂಧರ್ವನೇ! ಅನುದಿನವೂ ಈ ವೇಳೆಗೆ ಮೌನ ಧರಿಸುತ್ತಿದ್ದ ನಿನ್ನ ವಾದ್ಯವು ಇಂದೇಕೆ ಸುಮ್ಮನಾಗಲೊಲ್ಲದು?"

ಮಂದಿ ಅದನ್ನೂ ನಾಟಕದ ಮಾತೆಂದು ತಿಳಿದು ಚಪ್ಪಾಳೆ ತಟ್ಟಿದರು. ಅದಕ್ಕೂ ಒನ್ಸ್ ಮೋರ್ ಬಂತು.

ಮಾಲಕರು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು: ನಿಲ್ಲಿಸು. ಎದುರಿಗೆ ಕಾಕಾ. ನಾನು ನಿಲ್ಲಿಸಲಿಲ್ಲ. ಪೆಟ್ಟಿಗೆಯೂ ನಿಲ್ಲಲಿಲ್ಲ. ಆಟ ಮಂಗಳದವರೆಗೆ ನಡೆಯಿತು.

ಬಣ್ಣದ ಕೋಣೆಯಲ್ಲಿ ಮಾಲಕರು ಅಂಗಾತ ಬಿದ್ದಿದ್ದರು, ಮಂತ್ರಿ ಗಾಳಿ ಹಾಕುತ್ತಿದ್ದ. ಕಾಕಾ ಕರಾರಿನ ಕಾಗದ ಹಿಡಿದು ಒಳಗೆ ಬಂದಾಗ ಮಾಲಕರು ನನ್ನ ಕೈ ಹಿಡಿದುಕೊಂಡಿದ್ದರು.

"ಸಾಹೇಬ್ರ, ಗೋಕಾಕದಾಗ, ಮೂಡಲಗಿಯೊಳಗ ಎಷ್ಟ ಚಂದ ಕೆಡತಿತ್ತು! ನನಗ ದಮ್ಮು ಹತ್ತೂದಕ್ಕೂ ಅದು ಬಂದ್ ಆಗೂದಕ್ಕೂ ಸರಿ ಆಗತಿತ್ತು. ಯಂತ್ರ ಕೆಟ್ಟೈತಿ ಅಂದ್ರ ಮಂದಿನೂ ಸುಮ್ಮನಾಗತಿದ್ರು. ಹೆಂಗರ ಮಾಡಿ ಒಂದು ಗುಂಡಿ ಹಚ್ಚಿ ಕೊಡ್ರಿ. ಎರಡನೇ ಒನ್ಸ್ ಮೋರ್ ಆದ ಕೂಡಲೆ ಕೆಡಬೇಕು."

ಕಾಕಾ ನಡುವೆ ಬಾಯಿ ಹಾಕಿದರು. "ಆ ಗುಂಡಿ ಒತ್ತಾಕ ದಿನಾ ಒಬ್ಬ ಮನಷ್ಯಾ ಕುಂಡ್ರಬೇಕಲ್ರಿ?"

"ಬೇಕ್ರಿ."

"ತಿಳದವನ ಬೇಕೇನು?"

"ತಿಳದವನ ಬೇಕ್ರಿ. ಒಂದ ಕ್ಷಣ ಹಿಂದ ಮುಂದ ಆದ್ರ ನಾ ಸತ್ತೆ."

"ಖಾಯಂ ಕೆಲಸಾ?"

"ನಾ ಇರೂ ತನಕ ಖಾಯಂ."

ಕಾಕಾ ಕಾಗದ ಹರಿದು ಕಿಸೆಗೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟ ದಿನಾ ರಿಪೇರಿ, ರಿಪೇರಿ ಅಂತ ಮನಿ ಮಂದೀ ತಲಿ ತಿಂದಿ. ಕೆಡಸೂದರಾಗ ನೌಕರಿ ಐತಿ ಅಂತ ಮೊದಲ ಹೇಳಾಕ ಏನಾಗಿತ್ತೋ ನಿನಗ?"