ಎಫ್ 5 ಕೀಲಿಗೆ ಕಮಾಂಡ್ ಕಲಿಸಿದ್ದು

ನಾನು "ಇನ್ನು ಎಲ್ಲ ಸರಿಹೋಯಿತು" ಅಂದ ಕೂಡಲೇ ಏನಾದರೊಂದು ಕೈಕೊಡುತ್ತದೆ. ಈ ಯೋಗ ಶುರುವಾದದ್ದು ತೊಂಬತ್ತರ ದಶಕದಲ್ಲಿ, ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ. ಅಲ್ಲಿದ್ದುದು ಒಂದೇ ಕಂಪ್ಯೂಟರ್, ಅದಕ್ಕೆ ನಾನೊಬ್ಬಳೇ ಪ್ರೋಗ್ರಾಮರ್. "ಶನಿವಾರದೊಳಗೆ ನಮ್ಮ ಕೆಲಸಗಾರರೇ ಇದನ್ನ ನಡೆಸ್ಬೇಕು. ಆಗ ನೀವು ಪರ್ಮನೆಂಟ್. ಇಲ್ದಿದ್ರೆ ಬೇರೆ ಕಡೆ ನೋಡ್ಕೊಳ್ಳಿ" ಅಂದಿದ್ದರು ಮಾಲೀಕರು.

1. ಬೈಗುಳ

ಗೇರ್ ಲೆಕ್ಕದ ಪ್ರೋಗ್ರಾಂ ಓಡಿಸಲು ಉದ್ದನೆಯ ಕಮಾಂಡ್ ಟೈಪ್ ಮಾಡಬೇಕಿತ್ತು. ಎಣ್ಣೆ ಕೈಗಳಿಗೆ ಆ ಕಷ್ಟ ಯಾಕೆ ಅಂತ, ಫೈಲು ಟೈಪ್ ಮಾಡುವ ಎಡಿಟರ್ ಸಾಫ್ಟ್‌ವೇರಿಗೆ ಒಂದು ಮ್ಯಾಕ್ರೊ ಸೇರಿಸಿ, ಎಫ್ 5 ಒತ್ತಿದರೆ ಕಮಾಂಡ್ ತಾನೇ ಹೋಗುವ ಹಾಗೆ ಮಾಡಿದೆ. ಪ್ರೋಗ್ರಾಮನ್ನು ಯಂತ್ರಕ್ಕೆ ಅರ್ಥಮಾಡಿಸುವ ಕಂಪೈಲರ್ ಯಾವ ಡೈರೆಕ್ಟರಿಯಲ್ಲಿದೆ ಅಂತ ಬರೆಯುವುದು ಮಾತ್ರ ಮರೆತಿದ್ದೆ. ಕೆಲಸಗಾರರ ಮೇಲಿನ ಫೋರ್‌ಮನ್ ಮೊದಲು ಒತ್ತಿದರು. ಪರದೆಯ ಮೇಲೆ "ಬ್ಯಾಡ್ ಕಮಾಂಡ್" ಅಂತ ಬಂತು.

"ಮೇಡಂ, ಬೈತಿದೆ" ಅಂದರು.

"ನಿಮ್ಮನ್ನಲ್ಲ ಬಿಡಿ ಸಾರ್."

"ಗೊತ್ತು ಮೇಡಂ. ಕಮಾಂಡ್ ಬರೆದಿದ್ದು ನೀವಲ್ವಾ?"

2. ಒಂದೇ ಮಾತು

ಅದನ್ನು ಸರಿಮಾಡಿದೆ. ಈ ಸಲ, ತೆರೆದಿರುವ ಫೈಲನ್ನು ಓಡಿಸು ಅನ್ನುವ ಬದಲು, ಕಮಾಂಡಿನಲ್ಲಿ ನನ್ನ ಪರೀಕ್ಷೆಯ ಫೈಲಿನ ಹೆಸರೇ ಉಳಿದುಬಿಟ್ಟಿತ್ತು. ಫೋರ್‌ಮನ್ ತಮ್ಮ ಫೈಲಿನಲ್ಲಿ ಗೇರಿನ ಹಲ್ಲುಗಳ ಸಂಖ್ಯೆ ಎಷ್ಟು ಬದಲಾಯಿಸಿದರೂ ಉತ್ತರ ಅದೇ. ಯಾರಿಗೂ ಹೇಳದೆ, ಊಟದ ಹೊತ್ತಿನಲ್ಲೂ ಕೂತು, ಎರಡು ದಿನ ತಮ್ಮದೇ ತಪ್ಪು ಹುಡುಕಿದ್ದರು. ಮೂವತ್ತು ವರ್ಷ ಗೇರ್ ಕೊರೆದ ಮನುಷ್ಯ. ವಿಷಯ ತಿಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು, ಕ್ಷಮೆ ಕೇಳಿದೆ.

"ಪರವಾಗಿಲ್ಲ ಮೇಡಂ. ಈ ಫ್ಯಾಕ್ಟರೀಲಿ ಒಂದೇ ಮಾತಿಗೆ ನಿಂತಿದ್ದು ಅಂದ್ರೆ ಇದೊಂದೇ."

3. ಕೆಂಪು ಬೊಟ್ಟು

ಶುಕ್ರವಾರ ಕಮಾಂಡ್ ಸರಿಹೋಯಿತು. ಫೋರ್‌ಮನ್ ಖುಷಿಯಿಂದ ಎಫ್ 5 ಮೇಲೆ ಕೆಂಪು ಪೇಂಟಿನ ಬೊಟ್ಟಿಟ್ಟರು. ಕಾರ್ಖಾನೆಯ ಪದ್ಧತಿ ಅದು: ಸೆಟ್ಟಿಂಗ್ ಮುಗಿದ ಬೋಲ್ಟಿಗೆ ಕೆಂಪು ಬಳಿದರೆ ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ.

ಶನಿವಾರ ಮಾಲೀಕರು ಬಂದು ಲೇತ್ ಕಾರ್ಮಿಕನೊಬ್ಬನನ್ನು ಕೂರಿಸಿದರು. ಅವನು ಸಂಖ್ಯೆಗಳನ್ನೆಲ್ಲ ತಪ್ಪಿಲ್ಲದೆ ಟೈಪ್ ಮಾಡಿ ಕೈಕಟ್ಟಿ ಕೂತ.

"ಒತ್ತಯ್ಯ" ಅಂದರು ಮಾಲೀಕರು.

"ಆಗಲ್ಲ ಸಾರ್. ಪೇಂಟ್ ಆಕವ್ರೆ."

"ಸರಿ ಬಿಡು, ನಾನೇ ಒತ್ತುತ್ತೀನಿ."

ಅವನು ಮಾಲೀಕರ ಕೈ ಹಿಡಿದೇಬಿಟ್ಟ. "ಬ್ಯಾಡಿ ಸಾರ್! ಕೆಂಪು ಬಳ್ದಿದ್ದನ್ನ ಮುಟ್ಟಿದ್ರೆ ಪರ್ಮನೆಂಟ್ ಆಗಿರೋರ್ನ ಮನೇಗೆ ಕಳಿಸ್ತೀನಿ ಅಂತ ನೀವೇ ಏಳಿದ್ರಲ್ಲ!"

ಮಾಲೀಕರು ಬೆರಳು ಹಿಂದಕ್ಕೆ ತೆಗೆದು ನನ್ನ ಕಡೆ ತಿರುಗಿದರು. "ನೀವೇ ಒತ್ತಿ ಮೇಡಂ. ನೀವಿನ್ನೂ ಪರ್ಮನೆಂಟ್ ಆಗಿಲ್ಲ."

ಒತ್ತಿದೆ. ಉತ್ತರ ಸರಿಯಾಗಿ ಬಂತು. "ಟೈಪ್ ಮಾಡಿದ್ದು ನಮ್ಮವನೇ ತಾನೆ? ಇವತ್ತಿಂದ ನೀವು ಪರ್ಮನೆಂಟ್" ಅಂದರು. ನನಗೆ ಕಣ್ಣು ತುಂಬಿ ಬಂತು. ಇನ್ನೊಂದು ಸಲ ಓಡಿಸಿ ತೋರಿಸೋಣ ಅಂತ ಕೈ ಚಾಚಿದೆ.

ಲೇತಿನವನು ಕೀಬೋರ್ಡನ್ನೇ ತಬ್ಬಿಕೊಂಡ. "ಮೇಡಂ, ಇನ್ಮೇಲೆ ನೀವೂ ಮುಟ್ಟಂಗಿಲ್ಲ!"