ನಗದವರ ಮೇಲ್ವಿಚಾರಕ

ಕಪ್ಪುಪಟ್ಟಿ ಎಂಬುದು ಇಲ್ಲ. ನ್ಯೂಯಾರ್ಕಿನ ಟೆಲಿವಿಷನ್ ಕಂಪನಿ 1952ರಲ್ಲಿ ಹಾಗೆಂದು ಮೂರು ಸಲ ಪ್ರಕಟಿಸಿದೆ. ಕಮ್ಯುನಿಸ್ಟರೆಂದು ಕೆಲಸ ನಿರಾಕರಿಸಬೇಕಾದವರ, ಇಲ್ಲದ ಆ ಪಟ್ಟಿಯಲ್ಲಿ ಹಾಸ್ಯನಟ ಇಸಿಡೋರ್ ಫ್ಲೆಕ್‌ನ ಹೆಸರು ಹದಿನೇಳನೆಯದು. ಹಿಂದೊಮ್ಮೆ ಮುಷ್ಕರ ಹೂಡಿದ್ದ ಬಂದರು ಕೂಲಿಗಳನ್ನು ಪುಕ್ಕಟೆ ನಗಿಸಿ ಅವನು ಕಮ್ಯುನಿಸ್ಟ್ ಎನಿಸಿಕೊಂಡಿದ್ದ.

ಎರಡು ವರ್ಷದಿಂದ ಅವನಿಗೆ ರಂಗವೂ ಇಲ್ಲ, ತೆರೆಯೂ ಇಲ್ಲ. ಅವನ ಹಾಸ್ಯವನ್ನೇ ಚೆಸ್ಟರ್ ಡೌಲಿಂಗ್ ಎಂಬಾತ ಈಗ ಟೀವಿಯಲ್ಲಿ ಒಪ್ಪಿಸುತ್ತಾನೆ. ಯಾರಿಗೂ ನಗು ಬಾರದ್ದರಿಂದ ಕಂಪನಿಯೇ ಹಳೆಯ ಧ್ವನಿಮುದ್ರಣದ ನಗುವನ್ನು ಸೇರಿಸುತ್ತದೆ.

ಒಂದು ಭಾನುವಾರ ಟೀವಿ ನೋಡುತ್ತಿದ್ದ ಫ್ಲೆಕ್‌ನ ಹೆಂಡತಿ ರೀಬಾ ಎದ್ದು ನಿಂತು ಗಂಡನನ್ನು ಕೂಗಿದಳು. "ಇಜ್ಜಿ, ಆ ಕೇಕೆ ನಂದು ಕಣೋ!"

"ನಿಂದೇ. ಐದು ವರ್ಷದ ಹಿಂದೆ ನನ್ನ ಆಟಕ್ಕೆ ನಕ್ಕಿದ್ದು. ಈ ಕೊರಡಿಗೆ ಬಡಿಸ್ತಿದಾರೆ."

ಫ್ಲೆಕ್ ಕಂಪನಿಯ ದೇಶನಿಷ್ಠಾ ವಿಭಾಗಕ್ಕೆ ಹೋಗಿ ದೂರಿದ. ಅಧಿಕಾರಿ ಹ್ಯಾಲೊರನ್ ಬಿಳಿಚಿಕೊಂಡ.

"ಅಂದ್ರೆ ನಮ್ಮ ನಗು ನಿಮ್ಮ ಆಟಕ್ಕೆ ನಕ್ಕಿದ್ದಾ?"

ಅಂದೇ ಸುತ್ತೋಲೆ ಹೊರಟಿತು: ದೇಶನಿಷ್ಠೆಯ ಪರಿಶೀಲನೆಯಾಗದ ಬಾಯಿಗಳ ನಗುವನ್ನು ಪ್ರಸಾರ ಮಾಡತಕ್ಕದ್ದಲ್ಲ.

ರೀಬಾಳಿಗೆ ಕರೆ ಬಂತು. ಐದು ವರ್ಷದ ಹಿಂದಿನ ಆ ಆಟದಲ್ಲಿ ಪಕ್ಕದಲ್ಲಿ ಕೂತು ನಕ್ಕವರ ಹೆಸರು ಹೇಳಿದರೆ ಗಂಡ ಮರುದಿನವೇ ರಂಗಕ್ಕೆ ಮರಳಬಹುದು.

"ಐದು ಹೆಸರು ಸಾಕಮ್ಮ," ಎಂದ ಹ್ಯಾಲೊರನ್. "ಸತ್ತವರಾದ್ರೂ ನಡೆಯುತ್ತೆ."

ಬಾಗಿಲ ಬಳಿ ಫ್ಲೆಕ್ ಟೋಪಿ ಹಿಸುಕುತ್ತ ನಿಂತಿದ್ದ. ರಂಗದ ದೀಪಗಳ ಬಿಸಿ ಮುಖಕ್ಕೆ ತಾಗಿದಂತಾಯಿತು. ರೀಬಾ ತಿರುಗಿ ನೋಡಿದಳು. ಅವನು ಬೇಡವೆಂದು ತಲೆಯಾಡಿಸಿದ.

"ಬರ್ಕೊಳ್ಳಿ ಸ್ವಾಮಿ," ಎಂದಳು ಅವಳು. "ಎಂಟುನೂರು ಜನ. ಎಲ್ಲರ ಬಾಯಲ್ಲೂ ಹಲ್ಲಿತ್ತು. ನನಗೆ ಗೊತ್ತಿರೋ ಗುರುತು ಅಷ್ಟೇ."

ಹ್ಯಾಲೊರನ್ ಅದನ್ನೂ ಬರೆದುಕೊಂಡ.

ಹಳೆಯ ನಗುವನ್ನು ಅಳಿಸಲಾಯಿತು. ಹೊಸದಾಗಿ ನಗುವವರ ಪರಿಶೀಲನೆಗೆ ಹನ್ನೊಂದು ತಿಂಗಳು ಹಿಡಿಯುವುದರಿಂದ, ಅಲ್ಲಿಯವರೆಗೆ ಡೌಲಿಂಗ್‌ನ ಎದುರು ನಗದವರನ್ನು ಮಾತ್ರ ಕೂರಿಸತಕ್ಕದ್ದೆಂದು ಆದೇಶವಾಯಿತು. ಹಾಸ್ಯಕ್ಕೆ ಕೊನೆಗೂ ಘನತೆ ಬಂತೆಂದು ಪತ್ರಿಕೆಗಳು ಕೊಂಡಾಡಿದವು. ಆ ವರ್ಷದ ಶ್ರೇಷ್ಠ ಹಾಸ್ಯನಟ ಪ್ರಶಸ್ತಿ ಡೌಲಿಂಗ್‌ಗೆ ಸಂದಿತು.

ನಗದೆ ಕೂರುವವರ ಹೆಸರು ತೆರೆಯ ಮೇಲೆ ಬರುವುದಿಲ್ಲ. ಆದ್ದರಿಂದ ಇಲ್ಲದ ಪಟ್ಟಿ ಅಡ್ಡ ಬರಲಿಲ್ಲ. ಫ್ಲೆಕ್ ಆ ಕೆಲಸಕ್ಕೆ ಅರ್ಜಿ ಹಾಕಿದ.

"ಅನುಭವ?" ಎಂದು ಹ್ಯಾಲೊರನ್ ಕೇಳಿದ.

"ಎರಡು ವರ್ಷದಿಂದ ಪ್ರತಿ ಭಾನುವಾರ ಡೌಲಿಂಗ್‌ನನ್ನ ನೋಡಿದೀನಿ."

ಆ ಕ್ಷಣವೇ ನೇಮಕವಾಯಿತು. ಮೊದಲ ವಾರ ಡೌಲಿಂಗ್ ಒಂದು ಗಂಟೆ ಕುಣಿದ, ಬಿದ್ದ, ಪ್ಯಾಂಟು ಕಳೆದುಕೊಂಡ. ಫ್ಲೆಕ್ ಕದಲಲಿಲ್ಲ.

"ತಡೆದುಕೊಳ್ಳೋದು ಕಷ್ಟ ಆಯ್ತಾ?" ಎಂದು ಹ್ಯಾಲೊರನ್ ಕಾಳಜಿಯಿಂದ ವಿಚಾರಿಸಿದ.

"ಏನನ್ನ?" ಎಂದ ಫ್ಲೆಕ್.

ಅವನಿಗೆ ಅಂದೇ ಮೇಲ್ವಿಚಾರಕನಾಗಿ ಬಡ್ತಿಯಾಯಿತು.