ಇಳಕಲ್ಲಿನ ತಂಡವೂ ನನ್ನ ಭಾನುವಾರಗಳೂ

ಕೈಬರಹ ದುಂಡಗಿರುವವರಿಗೆ ಈ ಲೋಕದಲ್ಲಿ ವಿಶ್ರಾಂತಿ ಎಂಬುದಿಲ್ಲ. ಓಣಿಯಲ್ಲಿ ಯಾರದೇ ಮದುವೆಯಾಗಲಿ, ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯಲು ನಾನೇ ಬೇಕು. ನಳದಲ್ಲಿ ನೀರು ಬಾರದಿದ್ದರೆ ಅರ್ಜಿಯನ್ನು ನಾನೇ ಬರೆಯಬೇಕು. ನೀರು ಬಂದ ಮೇಲೆ ಅದು ಕೆಂಪಗಿದೆ ಎಂಬ ಇನ್ನೊಂದು ಅರ್ಜಿಯೂ ನನ್ನದೇ. ಕೋಳಿ ಕೆದರಿದಂತೆ ಬರೆಯುವ ನನ್ನ ತಮ್ಮ ಮಾತ್ರ ಐವತ್ತು ವರ್ಷ ಯಾರ ಕಣ್ಣಿಗೂ ಬೀಳದೆ, ಮಧ್ಯಾಹ್ನ ಎರಡು ತಾಸು ನಿದ್ದೆ ಹೊಡೆದು ಸುಖವಾಗಿದ್ದಾನೆ. ನಾನು ಇಳಕಲ್ಲಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ, ಮೊಣಕಾಲುಗಳು ನನಗಿಂತ ಮೊದಲೇ ನಿವೃತ್ತಿ ಪಡೆದಿವೆ. ಇಂಥ ನಾನು ಒಂದು ಫುಟ್‌ಬಾಲ್ ತಂಡದ ಮ್ಯಾನೇಜರ್ ಆಗಿ ಒಂದಿಡೀ ಸೀಸನ್ ಕಳೆದೆ ಎಂದರೆ ನೀವು ನಂಬಲಿಕ್ಕಿಲ್ಲ. ನನ್ನ ಹೆಂಡತಿ ಸರೋಜಾ ಇನ್ನೂ ನಂಬಿಲ್ಲ.

ಆದದ್ದಿಷ್ಟು. ನಮ್ಮ ಹಿಂದಿನ ಓಣಿಯಲ್ಲಿ ಖಾದರಸಾಬ್ ಎಂಬ ಹಿರಿಯರಿದ್ದಾರೆ. ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ನೇಯಿಸುತ್ತಾರೆ. ಹರೆಯದಲ್ಲಿ ಫುಟ್‌ಬಾಲ್ ಆಡಿದವರು, ಈಗ ಊರಿನ ತಂಡದ ತರಬೇತುದಾರರು. ಒಂದು ಸಂಜೆ ಕಾಯಿಪಲ್ಲೆ ತರಲು ಹೊರಟವನನ್ನು ಕರೆದು, "ಕುಲಕರ್ಣಿ ಸರ, ಒಂದ್ ಫಾರ್ಮ್ ತುಂಬೂದೈತಿ, ಐದ್ ಮಿಂಟ್ ಬರ್ರಲಾ" ಎಂದರು. ಹೋದೆ. ಜಿಲ್ಲಾ ಲೀಗಿನಲ್ಲಿ ತಂಡದ ಹೆಸರು ನೋಂದಾಯಿಸುವ ಫಾರ್ಮು ಅದು. ತಂಡದ ಹೆಸರು ಕೆಂಗಲ್ಲು ಫುಟ್‌ಬಾಲ್ ಕ್ಲಬ್. ಹದಿನಾರು ಆಟಗಾರರ ಹೆಸರು ಬರೆದೆ, ತರಬೇತುದಾರರ ಹೆಸರು ಬರೆದೆ. ಕೊನೆಗೆ 'ಮ್ಯಾನೇಜರ್' ಎಂಬ ಖಾಲಿ ಜಾಗ ಬಂತು. "ಯಾರ ಹೆಸರು ಬರೀಲಿ?" ಎಂದೆ. ಮಗ್ಗದ ಕೋಣೆಯಲ್ಲಿ ಕೂತಿದ್ದ ಅಷ್ಟೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಾದರಸಾಬರು ಚಹಾದ ಕಪ್ಪು ನನ್ನ ಕಡೆ ಸರಿಸಿ, "ಪೆನ್ನು ನಿಮ್ ಕೈಯಾಗ ಐತಲ್ಲರಿ, ನಿಮ್ಮದ ಬರಕೋರಿ" ಎಂದರು. ಬರೆದುಕೊಂಡೆ. ಕಾಯಿಪಲ್ಲೆ ಮರೆತು ಮನೆಗೆ ಹೋದೆ.

ನಮ್ಮದು ವೃತ್ತಿಪರ ತಂಡ. ಪ್ರತಿಯೊಬ್ಬನಿಗೂ ಒಂದೊಂದು ವೃತ್ತಿ ಇತ್ತು, ಫುಟ್‌ಬಾಲ್ ಮಾತ್ರ ಅದರಲ್ಲಿ ಸೇರಿರಲಿಲ್ಲ. ಗೋಲ್‌ಕೀಪರ್ ಸಂಗಪ್ಪ ನಾಯಕನೂ ಹೌದು. ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ, ವಯಸ್ಸು ನಲವತ್ತೊಂದು, ಇಪ್ಪತ್ತು ವರ್ಷದಿಂದ ಅದೇ ಎರಡು ಕಂಬಗಳ ನಡುವೆ ನಿಂತವನು. ಗೋಲು ಹೊಡೆಯಬೇಕಾದವನು ಈರಣ್ಣ. ಸೀರೆ ಅಂಗಡಿಯಲ್ಲಿ ಅಟ್ಟದ ಮೇಲಿನಿಂದ ಎಸೆದ ಸೀರೆಗಳ ಗಂಟುಗಳನ್ನು ಕೆಳಗೆ ನಿಂತು ಹಿಡಿಯುವುದು ಅವನ ಕೆಲಸ. ಮದುವೆಯಾಗಿ ಮೂರು ತಿಂಗಳಾಗಿತ್ತು, ಚೆಂಡಿನ ಕಡೆ ಲಕ್ಷ್ಯ ಕಡಿಮೆ. ನನಗೋ ಆಟದ ಗಂಧವೇ ಇರಲಿಲ್ಲ. ನಮ್ಮ ಗ್ರಂಥಾಲಯದಲ್ಲಿ ಫುಟ್‌ಬಾಲ್ ನಿಯಮಗಳ ಒಂದು ಪುಸ್ತಕವಿತ್ತು, ನಾನು ಕೆಲಸಕ್ಕೆ ಸೇರಿದ ಮೇಲೆ ಅದನ್ನು ಯಾರೂ ಒಯ್ದಿರಲಿಲ್ಲ. ನಾನೇ ಒಯ್ದೆ, ನಾನೇ ತಡವಾಗಿ ಮರಳಿಸಿ ನನಗೆ ನಾನೇ ಬೈದುಕೊಂಡೆ. ಅದರಲ್ಲಿ ಆಫ್‌ಸೈಡ್ ಎಂಬುದನ್ನು ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಖಾದರಸಾಬರನ್ನು ಕೇಳಿದರೆ, "ಅದನ್ನ ಕಲಿಯೂದು ಬ್ಯಾಡ್ರಿ ಸರ. ನಮ್ಮವರು ಅಷ್ಟ ಮುಂದ ಹೋಗಂಗಿಲ್ಲ" ಎಂದರು.

ಪಂದ್ಯಗಳು ಭಾನುವಾರ ಸಂಜೆ. ಆದರೆ ನನ್ನ ಭಾನುವಾರ ಬೆಳಿಗ್ಗೆ ಆರಕ್ಕೇ ಶುರುವಾಗುತ್ತಿತ್ತು, ಹನ್ನೊಂದು ಜನರನ್ನು ಒಟ್ಟುಗೂಡಿಸುವ ಕೆಲಸದಿಂದ. ಒಬ್ಬನಿಗೆ ಹೆಂಡತಿಯ ತವರಿನಲ್ಲಿ ಸೀಮಂತ, ಒಬ್ಬನಿಗೆ ಹೊಟ್ಟೆನೋವು, ಒಬ್ಬನ ಫೋನು ಅವನ ತಾಯಿಯ ಕೈಯಲ್ಲಿ. ಆ ತಾಯಿ ಮಗ ಎಲ್ಲಿದ್ದಾನೆಂದು ಹೇಳುವ ಬದಲು ನನ್ನ ಸಕ್ಕರೆ ಕಾಯಿಲೆ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಎಲ್ಲರನ್ನೂ ಒಂದು ಕ್ರೂಸರ್ ಗಾಡಿಯಲ್ಲಿ ತುಂಬಿ ಹೊರಡುವ ಹೊತ್ತಿಗೆ ನಾನು ಎರಡು ಪಂದ್ಯ ಆಡಿದವನಂತೆ ಸೋತಿರುತ್ತಿದ್ದೆ. ಆಟ ಮುಗಿದ ಮೇಲೆ ಹದಿನಾರು ಕೆಂಪು ಅಂಗಿಗಳು ನಮ್ಮ ಮನೆಗೇ ಬರುತ್ತಿದ್ದವು, ಮ್ಯಾನೇಜರರ ಮನೆಯಲ್ಲಿ ವಾಷಿಂಗ್ ಮಷಿನ್ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮೊದಲ ಸಲವೇ ಅಂಗಿಗಳು ಬಣ್ಣ ಬಿಟ್ಟು, ನನ್ನ ಮೂರು ಬಿಳಿ ಧೋತರ ಗುಲಾಬಿಯಾದವು. ಸರೋಜಾ ಅವನ್ನು ಎತ್ತಿ ಹಿಡಿದು, "ಇವನ್ನ ಉಟ್ಕೊಂಡು ಪೂಜಾಕ್ಕ ಕೂತ್ರ ದೇವರಿಗೂ ಗುರುತು ಸಿಗೂದಿಲ್ಲ. ಆಡೋರು ಅವರು, ಸೋಲೋರು ಅವರು, ಒಗೆಯೋಕಿ ನಾನು. ಇದು ಯಾವ ಲೀಗು ಅಂತೀನಿ?" ಎಂದಳು.

ಲೀಗಿನಲ್ಲಿ ಆರು ತಂಡ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಬೇಕು, ಕಟ್ಟಕಡೆಗೆ ನಿಂತ ತಂಡ ಮುಂದಿನ ವರ್ಷ ಲೀಗಿನಿಂದ ಹೊರಗೆ. ಹುನಗುಂದದವರು ನಮಗೆ ಆರು ಗೋಲು ಹೊಡೆದರು. ಬೇವೂರಿನವರು ನಾಲ್ಕು. ಬಾದಾಮಿಯವರು ಮೂರೇ ಹೊಡೆದದ್ದಕ್ಕೆ ನಾವು ಗಾಡಿಯಲ್ಲಿ ಹಾಡು ಹೇಳುತ್ತ ಬಂದೆವು. ಬಾಗಲಕೋಟೆಯವರ ಮೇಲೆ ಆಡುವಾಗ ದೊಡ್ಡ ಗಾಳಿ ಎದ್ದು, ಧೂಳಿನಲ್ಲಿ ಚೆಂಡೂ ಕಾಣದೆ, ರೆಫರಿಯೂ ಕಾಣದೆ, ಅರ್ಧಕ್ಕೇ ಆಟ ನಿಂತಿತು. ಇಬ್ಬರಿಗೂ ಒಂದೊಂದು ಅಂಕ ಕೊಟ್ಟರು. ಅಷ್ಟು ಪಂದ್ಯಗಳಲ್ಲಿ ನಾವು ಗಳಿಸಿದ್ದು ಆ ಗಾಳಿಯ ಅಂಕ ಒಂದೇ. ಗೋಲು ಸೊನ್ನೆ.

ಲೀಗಿನ ಜೊತೆಗೇ ಜಿಲ್ಲಾ ಕಪ್ ಎಂಬ ಇನ್ನೊಂದು ಪಂದ್ಯಾವಳಿಯೂ ಇತ್ತು, ಅದರ ಪಂದ್ಯಗಳ ಕಥೆಯೇ ಬೇರೆ. ಅವು ಬಾದಾಮಿಯಲ್ಲಿ, ಸೋತವರು ಮನೆಗೆ ಎಂಬ ಲೆಕ್ಕದಲ್ಲಿ ನಡೆದವು. ಮೊದಲ ಸುತ್ತಿಗೆ ಹುನಗುಂದದವರು ಬರಲೇ ಇಲ್ಲ, ಅವರ ಅರ್ಧ ತಂಡ ಒಂದು ಮದುವೆಗೆ ಹೋಗಿತ್ತು. ಚೆಂಡು ಮುಟ್ಟದೆ ಗೆದ್ದೆವು. ಸೆಮಿಫೈನಲ್ಲಿನಲ್ಲಿ ಬಾದಾಮಿಯವರು ಎದುರು. ಅವರೂ ಗೋಲು ಹೊಡೆಯಲಿಲ್ಲ, ನಮಗೆ ಆ ರೂಢಿಯೇ ಇರಲಿಲ್ಲ. ಪೆನಾಲ್ಟಿಗೆ ಹೋಯಿತು. ಸಂಗಪ್ಪ ಮೂರನ್ನು ತಡೆದ, ಗೆದ್ದೆವು; ಪೆನಾಲ್ಟಿಯಲ್ಲಿ ಹೊಡೆದದ್ದು ಗೋಲಿನ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದನ್ನು ತಡೆದು ಬಿದ್ದವನು ಏಳುವಾಗ ಮೊಣಕಾಲು ಹಿಡಿದುಕೊಂಡದ್ದನ್ನು ನಾನೊಬ್ಬನೇ ನೋಡಿದೆ. ಮೊಣಕಾಲಿನ ವಿಷಯದಲ್ಲಿ ನನಗೆ ಅನುಭವ ಹೆಚ್ಚು. ಬರುವಾಗ ಹುಡುಗರು ಮಹಾಕೂಟಕ್ಕೆ ಗಾಡಿ ತಿರುಗಿಸಿ ಹೊಂಡದಲ್ಲಿ ಈಜಿದರು. ಖಾದರಸಾಬರು ಮರದ ಕೆಳಗೆ ಕೂತು ಪೇರಲ ಹಣ್ಣು ತಿನ್ನುತ್ತ, "ಸರ, ಗೋಲ್ ಹೊಡೀಲಾರದ ಫೈನಲ್ಲಿಗೆ ಬಂದೇವಿ. ಮೇಲಿನವ ಏನೋ ಮನಸ್ಸಿನ್ಯಾಗ ಇಟ್ಕೊಂಡಾನ" ಎಂದರು. ಸಂಗಪ್ಪ ನೀರಿಗಿಳಿಯಲಿಲ್ಲ. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದ.

ಫೈನಲ್ ಇದ್ದದ್ದು ಶನಿವಾರ ಬಾದಾಮಿಯಲ್ಲಿ, ಬಾಗಲಕೋಟೆಯವರ ಮೇಲೆ. ಲೀಗಿನ ಕೊನೆಯ ಪಂದ್ಯ ಮರುದಿನವೇ ರಾಮಥಾಳದಲ್ಲಿ. ರಾಮಥಾಳದವರಿಗೆ ಅಂಕ ಸೊನ್ನೆ, ನಮಗೆ ಒಂದು. ಅವರಿಗೆ ಸೋತರೆ ನಾವು ಲೀಗಿನಿಂದ ಹೊರಗೆ, ಸೋಲದಿದ್ದರೆ ಅವರು ಹೊರಗೆ. ಗುರುವಾರ ಸಂಗಪ್ಪ ದವಾಖಾನೆಗೆ ಹೋಗಿ ಬಂದು ಮಗ್ಗದ ಕೋಣೆಯ ಹೊಸ್ತಿಲಲ್ಲಿ ನಿಂತು, "ಒಂದ ಮ್ಯಾಚ್ ಆಡ್ಬೌದಂತ್ರಿ. ಆಮ್ಯಾಲ ತಿಂಗಳಗಟ್ಲೆ ಕೂಡಬೇಕಂತ. ಯಾವುದು ಅಂತ ನೀವ ಹೇಳ್ರಿ" ಎಂದ. ಖಾದರಸಾಬರು ಮಗ್ಗದ ಕಡೆ ಮುಖ ತಿರುಗಿಸಿ, ಇಲ್ಲದ ಎಳೆಯೊಂದನ್ನು ಹುಡುಕತೊಡಗಿದರು. ಇಬ್ಬರೂ ನನಗೇ ಬಿಟ್ಟರು. ಸಂಗಪ್ಪ ಇಪ್ಪತ್ತು ವರ್ಷದಲ್ಲಿ ಒಂದು ಫೈನಲ್ಲೂ ಆಡಿದವನಲ್ಲ. ಅತ್ತ ಲೀಗು ಹೋದರೆ ತಂಡವೇ ಚದುರಿ ಹೋದೀತು ಎಂದು ಎಲ್ಲರಿಗೂ ಅಳುಕು. ಇನ್ನು ನನ್ನ ಮನಸ್ಸಿನಲ್ಲಿದ್ದುದನ್ನು ನಿಮಗೆ ಮಾತ್ರ ಹೇಳುತ್ತೇನೆ. ಲೀಗು ಹೋದರೆ ಮುಂದಿನ ವರ್ಷ ಬೆಳಿಗ್ಗೆ ಆರಕ್ಕೆ ಏಳಬೇಕಿಲ್ಲ. ಧೋತರಗಳು ಬಿಳಿಯಾಗಿರುತ್ತವೆ. ಊಟ ಮಾಡಿ ನನ್ನ ತಮ್ಮನಂತೆ ಮಲಗಬಹುದು. ಸಂಗಪ್ಪನ ಹೆಸರನ್ನು ಶನಿವಾರದ ಪಟ್ಟಿಯಲ್ಲಿ ಬರೆದೆ. ಖಾದರಸಾಬರು ಎದ್ದು ಬಂದು ನನ್ನ ಎರಡೂ ಕೈ ಹಿಡಿದು, "ದೊಡ್ಡ ಮನಸ್ಸರಿ ಸರ ನಿಮ್ಮದು" ಎಂದರು. ನಾನು ಕಣ್ಣು ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಶನಿವಾರ ಒಂದು ವಿಚಿತ್ರ ನಡೆಯಿತು. ನಾವು ಗೋಲು ಹೊಡೆದೆವು. ಯಾರೋ ಎತ್ತಿ ಒದ್ದ ಚೆಂಡು ಈರಣ್ಣನ ಹೆಗಲಿಗೆ ಬಡಿದು ಒಳಗೆ ಹೋಯಿತು. ಅವನು ತಿರುಗಿ ನೋಡಿ, "ಯಾರ್ ಹೊಡದ್ರಲೇ?" ಎಂದು ಕೇಳಿದ. ವರ್ಷದ ಮೊದಲ ಗೋಲು! ಹುಡುಗರು ಮೈದಾನವಿಡೀ ಓಡಿ, ಒಬ್ಬರ ಮೇಲೊಬ್ಬರು ಬಿದ್ದು, ಉಳಿದ ಆಟಕ್ಕೆ ಬೇಕಾದ ದಮ್ಮನ್ನೆಲ್ಲ ಅಲ್ಲೇ ಕಳೆದರು. ಬಾಗಲಕೋಟೆಯವರು ಆಮೇಲೆ ನಿಧಾನವಾಗಿ ಎರಡು ಹೊಡೆದರು. ಮೂರನೆಯದೂ ಆಗುತ್ತಿತ್ತು, ಸಂಗಪ್ಪ ಮೈ ಚೆಲ್ಲಿ ತಡೆದ, ಆದರೆ ಏಳಲಾಗಲಿಲ್ಲ. ಸೋತ ತಂಡಕ್ಕೆ ಕೊಡುವ ಸಣ್ಣ ಪದಕವನ್ನು ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತ ಹೋಗಿ ಇಸಿದುಕೊಂಡ. ಅದನ್ನು ಕಿಸೆಗೆ ಹಾಕಲಿಲ್ಲ, ಇಳಕಲ್ಲು ಬರುವವರೆಗೂ ಕೊರಳಲ್ಲೇ ಇತ್ತು.

ಭಾನುವಾರ ನಾನು ಸೋಲಲೆಂದೇ ರಾಮಥಾಳಕ್ಕೆ ಹೋದೆ. ಕೀಪರ್ ಇಲ್ಲ. ಯಾರನ್ನು ನಿಲ್ಲಿಸುವುದು ಎಂದು ಖಾದರಸಾಬರು ಕೇಳಿದಾಗ, ಯಾರು ನಿಂತರೇನು ಎಂಬ ಧಾಟಿಯಲ್ಲಿ "ಈರಣ್ಣ ನಿಲ್ಲಲಿ, ಮುಂದ ನಿಂತು ಅವನು ಏನೂ ಮಾಡೂದಿಲ್ಲಲ್ಲ" ಎಂದೆ. ಸಂಗಪ್ಪ ಕಾಲಿಗೆ ಪಟ್ಟಿ ಸುತ್ತಿಕೊಂಡು ಬಂದು ಗೋಲಿನ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಕೂತ. ಆಟ ಶುರುವಾಯಿತು. ರಾಮಥಾಳದವರು ಹೊಡೆದದ್ದೇ ಹೊಡೆದದ್ದು. ಈರಣ್ಣ ಹಿಡಿದದ್ದೇ ಹಿಡಿದದ್ದು. ಎತ್ತರದಿಂದ ಬರುವುದನ್ನು ಎದೆಗವಚಿ ಹಿಡಿಯುವುದು ಅವನಿಗೆ ದಿನನಿತ್ಯದ ದುಡಿಮೆ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಂಗಪ್ಪ ಹಿಂದಿನಿಂದ, "ಎಡಕ್ಕಲೇ ಈರ್ಯಾ! ಮುಂದ ಬಾ! ಸೀರಿ ಗಂಟು ಅಂತ ತಿಳಕೋ, ಸಾವಕಾರ್ರು ನೋಡಾಕತ್ತಾರ!" ಎಂದು ಕೂಗುತ್ತಿದ್ದ. ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ರಾಮಥಾಳದ ಒಬ್ಬ ಒಂಟಿಯಾಗಿ ಚೆಂಡು ತೆಗೆದುಕೊಂಡು ಬಂದ. ಎದುರಿಗೆ ಈರಣ್ಣ ಒಬ್ಬನೇ. ನನ್ನ ಬಿಡುಗಡೆ ಆ ರಾಮಥಾಳದವನ ಬಲಗಾಲಿನಲ್ಲಿತ್ತು. ಆ ಕ್ಷಣದಲ್ಲಿ ಗೆರೆಯ ಗುಂಟ ಯಾರೋ ಮುದುಕ ಧೋತರ ಎತ್ತಿ ಕಟ್ಟಿ, "ಕಾಲ ಹಿಡಿಯೋ ಈರಣ್ಣಾ, ಕಾಲ ಹಿಡಿ!" ಎಂದು ಚೀರುತ್ತ ಓಡುತ್ತಿದ್ದ. ಅದು ನಾನೇ ಎಂದು ಗೊತ್ತಾದದ್ದು ರೆಫರಿ ಸೀಟಿ ಊದಿ ನನ್ನತ್ತ ಬೆರಳು ಮಾಡಿದಾಗ. ಅಷ್ಟರಲ್ಲಿ ಈರಣ್ಣ ಚೆಂಡಿನ ಮೇಲೆ ಬಿದ್ದು ಅದನ್ನು ಹೊಟ್ಟೆಯಡಿ ಅವುಚಿಕೊಂಡಿದ್ದ. ಸೊನ್ನೆ ಸೊನ್ನೆ. ನಾವು ಉಳಿದೆವು. ನನಗೆ ಅಳು ಬಂತು. ಖಾದರಸಾಬರು ಸಂತೋಷಕ್ಕೆಂದು ತಿಳಿದು ಬೆನ್ನು ತಟ್ಟಿದರು. ಅರ್ಧ ಸಂತೋಷಕ್ಕೇ ಇತ್ತು. ಉಳಿದರ್ಧ ಮುಂದಿನ ವರ್ಷದ ಭಾನುವಾರಗಳಿಗಾಗಿ.

ಬರುವಾಗ ಗಾಡಿಯಲ್ಲಿ ಸಂಗಪ್ಪ ನನ್ನ ಪಕ್ಕ ಕಾಲು ನೀಡಿ ಕೂತಿದ್ದ. ಹಿಂದೆ ಹುಡುಗರ ಗದ್ದಲ. ಎದೆಯಲ್ಲಿ ಇಟ್ಟುಕೊಳ್ಳಲಾಗದೆ, "ಸಂಗಪ್ಪ, ನಿನ್ನ ಹೆಸರು ಶನಿವಾರಕ್ಕ ಬರದದ್ದು ನಿನ್ನ ಸಲುವಾಗಿ ಅಲ್ಲಪಾ. ನಾವು ಇಲ್ಲಿ ಸೋಲಲಿ ಅಂತ. ನನಗ ಸಾಕಾಗಿತ್ತು" ಎಂದೆ.

"ಗೊತ್ತೈತ್ರಿ ಸರ" ಎಂದ ಅವನು, ರಸ್ತೆಯನ್ನೇ ನೋಡುತ್ತ.

"ಹೆಂಗ?"

"ಹೆಸರು ಬರದು ಪೆನ್ನು ಕೆಳಗ ಇಟ್ಟಾಗ ಉಸ್ ಅಂದ್ರಿ. ಮಂದಿ ದೊಡ್ಡ ಮನಸ್ಸು ಮಾಡಿದಾಗ ಹಂಗ ಉಸಿರು ಬಿಡಂಗಿಲ್ಲರಿ. ಚೀಲ ಹೊತ್ತು ತಂದು ಇಳಿಸಿದಾಗ ಬಿಡ್ತಾರ."

"ಸಿಟ್ಟು ಬರಲಿಲ್ಲೇನು?"

"ಯಾಕ್ರಿ ಸಿಟ್ಟು? ಇಪ್ಪತ್ತು ವರ್ಷದಾಗ ಒಂದ್ ಫೈನಲ್ ಆಡೇನಿ. ಯಾಕ್ ಆಡಿಸಿದ್ರು ಅನ್ನೂದನ್ನ ಕಟ್ಟಿಕೊಂಡು ನಾ ಏನ್ ಮಾಡ್ಲಿ?"

ಮುಂದಿನ ತಿಂಗಳು ಸಭೆ ಕರೆದರು. ನಾನು ಮೂರು ಪುಟದ ರಾಜೀನಾಮೆ ಬರೆದುಕೊಂಡು ಹೋದೆ. ಅವರು ಬೇಡ ಎನ್ನುತ್ತಾರೆ, ಕೈ ಹಿಡಿಯುತ್ತಾರೆ, ಆಗ ಏನೇನು ಹೇಳಿ ಬಿಡಿಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ತಾಲೀಮು ಮಾಡಿದ್ದೆ. ಖಾದರಸಾಬರು ಮೊದಲ ಪುಟವನ್ನೂ ಪೂರ್ತಿ ಓದಲಿಲ್ಲ. "ಆಗ್ಲಿ ಬಿಡ್ರಿ ಸರ, ನಿಮಗೂ ತ್ರಾಸ ಆಗೈತಿ. ಇನ್ನ ಸಂಗಪ್ಪ ನೋಡ್ಕೋತಾನ. ಚಹಾ ತಗೋರಿ" ಎಂದರು. ಮೂರು ಪುಟದ ದಣಿವಿಗೆ ಮೂರು ಮಾತಿನ ಬಿಡುಗಡೆ. ಯಾರೂ ಒಂದೇ ಒಂದು ಸಲ ಬೇಡ ಎನ್ನಲಿಲ್ಲ. ಮನೆಗೆ ಬಂದು ಸರೋಜಾಗೆ ಹೇಳಿದರೆ ಅವಳು, "ಬೇಕಾದ್ದು ಸಿಕ್ತಲ್ಲ, ಮತ್ತ ಮುಖ ಯಾಕ ಹಂಗ ಮಾಡೀರಿ?" ಎಂದಳು.

ಮೊದಲ ಬಿಡುವಿನ ಭಾನುವಾರ ಊಟ ಮಾಡಿ ಮಲಗಿದೆ. ನಿದ್ದೆ ಬರಲಿಲ್ಲ. ಎದ್ದು ಪೇಪರ್ ಓದಿದೆ, ಓದಿದ್ದನ್ನೇ ಸರೋಜಾಗೆ ಓದಿ ಹೇಳಿದೆ, ಅಡಿಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಲು ಹೋದೆ. ಅವಳು ಜೀರಿಗೆ ಡಬ್ಬಿ ಕಸಿದುಕೊಂಡು, "ನಿಮ್ಮ ಗ್ರೌಂಡಿಗಾದರೂ ಹೋಗಿ ಬರ್ರಿ, ನನ್ನ ತಲಿ ತಿನಬ್ಯಾಡ್ರಿ" ಎಂದಳು. ಹೋದೆ. ಸುಮ್ಮನೆ ನೋಡಿ ಬರಲೆಂದು. ಹುಡುಗರು ಅಭ್ಯಾಸದ ಪಂದ್ಯ ಆಡುತ್ತಿದ್ದರು. ಸಂಗಪ್ಪ ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದ. ಎಡಗಡೆ ಆಡುವವನು ಬಹಳ ಮುಂದೆ ನಿಂತಿದ್ದಾನೆ ಎನಿಸಿತು. ಹೇಳಿದೆ. ಇನ್ನೊಬ್ಬನ ಬೂಟಿನ ದಾರ ಬಿಚ್ಚಿತ್ತು. ಅದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಎಷ್ಟು ಒಳಗೆ ಹೋಗಿದ್ದೆನೋ, ಸಂಗಪ್ಪ ಸೀಟಿ ಊದಿ, ಹತ್ತಿರ ಬಂದು, ಭಾಳ ಮರ್ಯಾದೆಯಿಂದ ನನ್ನ ತೋಳು ಹಿಡಿದು, "ಸರ, ನೋಡಾಕ ಬಂದವರು ಗೆರಿ ಆಚೆ ನಿಂದರಬೇಕ್ರಿ" ಎಂದ.

ಗೆರೆಯ ಆಚೆ ಹೋಗಿ ನಿಂತೆ. ಅರ್ಧ ನಿಮಿಷ ನಿಂತಿದ್ದೆ, ಅಷ್ಟರಲ್ಲಿ ಇನ್ನೊಬ್ಬನ ಬೂಟಿನ ದಾರ ಬಿಚ್ಚಿದ್ದು ಕಂಡು ಮತ್ತೆ ಒಳಗೆ ಹೋದೆ.